ಸಾಹೇಬರ ಹೆಸರಿನಲ್ಲಿ ಬರುವ ಸವಿಮಾತುಗಳ ಬಗ್ಗೆ

ಸಂಖ್ಯೆ: ಸಿಬ್ಬಂದಿ/ಮೋಸ/ಸವಿಮಾತು/೪

ವಿಷಯ: ಮುಖ್ಯಾಧಿಕಾರಿಗಳ ಹೆಸರಿನಲ್ಲಿ ಬರುವ ಮೊಬೈಲ್ ಸಂದೇಶಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಗುರುತಿಸುವ ಕುರಿತು.

ಉಲ್ಲೇಖ: ಸೋಮವಾರದ ಪ್ರಕರಣ (ಕಾರಿಡಾರಿನಲ್ಲಿ ಚರ್ಚಿಸತಕ್ಕದ್ದಲ್ಲ).

"ಅತ್ಯುತ್ತಮ ಅಧಿಕಾರಿ ಪ್ರಶಸ್ತಿಗೆ ತಾವು ಆಯ್ಕೆಯಾಗಿದ್ದೀರಿ" ಎಂಬ ಸಂದೇಶವನ್ನು ನಂಬಿದ ಮುಖ್ಯಾಧಿಕಾರಿಗಳು ಅಪರಿಚಿತ ಲಿಂಕ್ ಒತ್ತಿ, ಒಟಿಪಿಯನ್ನೂ ಧಾರೆ ಎರೆದಿರುತ್ತಾರೆ. ತರುವಾಯ ವಂಚಕನು ಅವರ ಮೊಬೈಲ್ ಸಂದೇಶದ ಖಾತೆಯನ್ನು ವಶಪಡಿಸಿಕೊಂಡು, ಅದರಿಂದಲೇ ಸಿಬ್ಬಂದಿಯ ಒಟಿಪಿಗಳನ್ನು ಕೇಳಿರುತ್ತಾನೆ. ಒಬ್ಬರೂ ಕೊಟ್ಟಿರುವುದಿಲ್ಲ. ಕಾರಣ ವಿಚಾರಿಸಲಾಗಿ, ಸಂದೇಶದಲ್ಲಿ "ದಯವಿಟ್ಟು" ಎಂದಿದ್ದುದರಿಂದ ಕೂಡಲೇ ಅನುಮಾನ ಬಂತೆಂದು ಎಲ್ಲರೂ ಒಕ್ಕೊರಲಿನಿಂದ ಹೇಳಿರುತ್ತಾರೆ. ಇದರಿಂದ ಮುಖ್ಯಾಧಿಕಾರಿಗಳಿಗೆ ಸಮಾಧಾನವೂ ಆಗಿದೆ, ಬೇಸರವೂ ಆಗಿದೆ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

೧. ಒಟಿಪಿ, ಪಾಸ್‌ವರ್ಡ್‌ಗಳನ್ನು ಯಾರಿಗೂ, ವಿಶೇಷವಾಗಿ ಮುಖ್ಯಾಧಿಕಾರಿಗಳಿಗೆ, ಕೊಡತಕ್ಕದ್ದಲ್ಲ.

೨. "ದಯವಿಟ್ಟು", "ಥ್ಯಾಂಕ್ಸ್", "ಊಟ ಆಯ್ತಾ" ಎಂದಿರುವ ಸಂದೇಶಗಳನ್ನು ನಕಲಿಯೆಂದು ಪರಿಗಣಿಸಿ ಅಳಿಸತಕ್ಕದ್ದು. "ಏನ್ರೀ, ಕತ್ತೆ ಕಾಯ್ತಿದೀರಾ?" ಎಂಬುದು ಅಸಲಿ, ಅದಕ್ಕೆ ಎಂದಿನಂತೆ ನಡುಗತಕ್ಕದ್ದು.

೩. ವಂಚಕನಿಗೆ "ನೀವೇ ಸಾಹೇಬರಾಗಿ ಇದ್ದುಬಿಡಿ ಸಾರ್" ಎಂದು ಉತ್ತರಿಸಿದ ಗುಮಾಸ್ತರು ಸಮಜಾಯಿಷಿ ಸಲ್ಲಿಸತಕ್ಕದ್ದು.

೪. ಬೆರಳಚ್ಚುಗಾರ್ತಿಯವರು ಒಟಿಪಿ ಕೊಡುವ ಬದಲು ತಮ್ಮ ತಾಯಿ ಆಸ್ಪತ್ರೆಯಲ್ಲಿದ್ದಾರೆಂದು ಉತ್ತರಿಸಿದಾಗ, ವಂಚಕನು "ಮೊದಲು ಅಮ್ಮನ್ನ ನೋಡ್ಕೊಳ್ಳಿ, ಒಟಿಪಿ ಆಮೇಲೆ ಕಳಿಸಿ" ಎಂದಿರುವುದು ಕಂಡುಬಂದಿದೆ. ಇದೇ ಕಾರಣದ ರಜೆ ಅರ್ಜಿಯನ್ನು ಮುಖ್ಯಾಧಿಕಾರಿಗಳು ಓದದೆಯೇ ತಿರಸ್ಕರಿಸಿದ್ದರು. ವಂಚಕನ ಈ ಸಾಲನ್ನು ಮಾತ್ರ ಅವರು ಮತ್ತೆ ಮತ್ತೆ ಓದಿರುತ್ತಾರೆ.

೫. ಖಾತೆ ಮರಳಿ ಕೈಸೇರಿದ ಮೇಲೆ ಮುಖ್ಯಾಧಿಕಾರಿಗಳು ಖುದ್ದಾಗಿ, "ರಜೆ ಕೊಟ್ಟಿದೀನಮ್ಮ, ಹೊರಡಿ. ನಂದೇ ತಪ್ಪು" ಎಂದು ಸಂದೇಶ ಕಳಿಸಿರುತ್ತಾರೆ. ಬೆರಳಚ್ಚುಗಾರ್ತಿಯವರು ಅದನ್ನು ಅಳಿಸಿ, ಸಂಖ್ಯೆಯನ್ನು ಬ್ಲಾಕ್ ಮಾಡಿ, ಸೈಬರ್ ಪೊಲೀಸರಿಗೆ ದೂರು ನೀಡಿ, ತಮ್ಮ ಮೇಜಿಗೆ ವಾಪಸಾಗಿರುತ್ತಾರೆ. ಅವರ ಜಾಗರೂಕತೆಯನ್ನು ಶ್ಲಾಘಿಸಲಾಗಿದೆ. ತಾಯಿಯವರ ಶಸ್ತ್ರಚಿಕಿತ್ಸೆ ಇಂದು ಮಧ್ಯಾಹ್ನ ಇರುತ್ತದೆ.

೬. ವಿಷಯವನ್ನು ಮುಖತಃ ತಿಳಿಸಲು ಹೋದ ಮುಖ್ಯಾಧಿಕಾರಿಗಳು, ಅಭ್ಯಾಸವಿಲ್ಲದ ಕಾರಣ ಬಾಯಿ ಬಾರದೆ, ಫ್ಯಾನ್ ಆರಿಸುವಂತೆ ಗದರಿ ಹಿಂತಿರುಗಿರುತ್ತಾರೆ. ಆದ್ದರಿಂದ ಸದರಿ ಸಂದೇಶ ಅಸಲಿಯೆಂದು ಈ ಮೂಲಕ ದೃಢೀಕರಿಸಲಾಗಿದೆ.

ಸಹಿ/-
ಮುಖ್ಯಾಧಿಕಾರಿ (ಅಸಲಿ)

ಪ್ರತಿಗಳು:

೧. ಸೂಚನಾ ಫಲಕಕ್ಕೆ.

೨. ಸೈಬರ್ ಪೊಲೀಸರಿಗೆ: ದೂರಿನಲ್ಲಿರುವ ಎರಡನೇ ವಂಚಕರು ಮೇಲೆ ಸಹಿ ಮಾಡಿದವರೇ ಆಗಿರುವುದರಿಂದ ಹುಡುಕಾಟ ಕೈಬಿಡಲು ಕೋರಿ.

೩. ಬೆರಳಚ್ಚುಗಾರ್ತಿಯವರಿಗೆ: ಈ ಸುತ್ತೋಲೆಯನ್ನು ಟೈಪ್ ಮಾಡುತ್ತಿರುವವರು ತಾವೇ ಆಗಿರುವುದರಿಂದ, ಈ ಸಾಲಿಗೆ ಬಂದ ಕೂಡಲೇ ಕೀಬೋರ್ಡಿನಿಂದ ಕೈ ತೆಗೆದು ಆಸ್ಪತ್ರೆಗೆ ಹೊರಡತಕ್ಕದ್ದು. ಕಚೇರಿಯ ಕಾರು ಗೇಟಿನಲ್ಲಿ ನಿಂತಿರುತ್ತದೆ.