ಕಾಕುನ ಮನೆಯ ಮುಂದೆ ನನ್ನ ಕ್ಯಾಮೆರಾ

ಹಳೆಯ ಮನೆಯ ಫೋಟೋ ತೆಗೆಯುವುದು ಲಗ್ನದ ಫೋಟೋಗಿಂತ ಸುಲಭ ಎಂದುಕೊಂಡಿದ್ದೆ. ಮನೆ ಕಣ್ಣು ಮುಚ್ಚುವುದಿಲ್ಲ, ನಡುವೆ ಊಟಕ್ಕೆ ಎದ್ದು ಹೋಗುವುದಿಲ್ಲ. ಆದರೆ ಮನೆಗೆ ಮನೆಯವರೂ ಇರುತ್ತಾರಲ್ಲ!

ಗೋಕಾಕದಲ್ಲಿ ನಮ್ಮ ಕಾಕಾನದು ಕಟ್ಟಿಗೆ ಕಂಬಗಳ ಹಳೆಯ ಮನೆ. ಅದನ್ನು ಕೆಡವಿ ಅಂಗಡಿ ಕಟ್ಟಬೇಕೆಂದು ಅವನ ಹಟ. ಫಾಲ್ಸ್ ನೋಡಲು ಬರುವವರಿಗೆ ದಿನದ ಬಾಡಿಗೆಗೆ ಕೊಡೋಣವೆಂದು ಅವನ ಹೆಂಡತಿ, ನಮ್ಮ ಕಾಕುನ ಹಟ. ದಸರಾದೊಳಗೆ ಒಂದು ಕುಟುಂಬವಾದರೂ ಬಂದು ಉಳಿದರೆ ಮನೆ ಇರಲಿ, ಇಲ್ಲವಾದರೆ ಜೆಸಿಬಿ ಎಂದ ಕಾಕಾ. ಮೊಬೈಲಿನಲ್ಲಿ ಹಾಕಲು ಮನೆಯ ಮುಂಭಾಗದ ಫೋಟೋ ತೆಗೆಯುವ ಕೆಲಸ, ಸ್ಟುಡಿಯೋ ಇಟ್ಟುಕೊಂಡ ನನ್ನ ಕೊರಳಿಗೆ ಬಿತ್ತು.

ಗೊಂಬೆ

ಬಾಗಿಲ ಮೇಲೆ ದೃಷ್ಟಿಗೊಂಬೆ ನಾಲಿಗೆ ಚಾಚಿಕೊಂಡು ನೇತಾಡುತ್ತಿತ್ತು. ಫೋಟೋ ಮಟ್ಟಿಗೆ ತೆಗೆಯಿರಿ ಎಂದೆ.

"ಊರ ಮಂದಿ ಕಣ್ಣೆಲ್ಲಾ ಮನಿ ಮ್ಯಾಲೆ ಬೀಳೂವಾಗ ಅದನ್ನ ತಗಿ ಅಂತೀಯಲ್ಲಾ" ಎಂದ ಕಾಕು, ಇನ್ನೊಂದು ಗೊಂಬೆ ತರಿಸಿ ಪಕ್ಕದಲ್ಲಿ ಕಟ್ಟಿದಳು.

ಫೋಟೋ ಹಾಕಿದ ಮೇಲೆ ಹುಕ್ಕೇರಿಯಿಂದ ಮೊದಲ ಫೋನ್ ಬಂತು. ಕಾಕು ಕೈಯೊರೆಸಿಕೊಂಡು ಓಡಿ ಎತ್ತಿದಳು. ಆ ಕಡೆಯ ದನಿ ಹೇಳಿತು:

"ಮನಿ ಬ್ಯಾಡ್ರಿ ಬಾಯಾರ, ಆ ಗೊಂಬಿ ಎಲ್ಲಿ ಸಿಗತಾವ ಹೇಳ್ರಿ."

ಹಿತ್ತಾಳೆ ಪಾತ್ರೆ

ಸುದ್ದಿ ಕೇಳಿ ಮೂಡಲಗಿಯಿಂದ ಕಾಕುನ ಅಕ್ಕ ಬಂದಳು. ಫೋಟೋದಲ್ಲಿ ಮನೆ ಬಡವಾಗಿ ಕಾಣುತ್ತಿದೆ, ಇನ್ನೊಮ್ಮೆ ತೆಗೆ ಎಂದು ಅಟ್ಟದ ಹಂಡೆ, ಕೊಪ್ಪರಿಗೆ, ಕೌದಿಗಳನ್ನೆಲ್ಲ ಅಂಗಳದಲ್ಲಿ ಸಾಲಾಗಿ ಹರಡಿದಳು. ನಮ್ಮ ಕಡೆ ಸಾಮಾನು ಹೀಗೆ ಹೊರಗೆ ಬರುವುದು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ. ನಾನು ಕ್ಯಾಮೆರಾ ಹಿಡಿಯುವಷ್ಟರಲ್ಲಿ ಓಣಿಯ ಇಬ್ಬರು ಹಿರಿಯರು ಬಂದು ಕಟ್ಟೆಯ ಮೇಲೆ ಕುಳಿತರು. ಜಗಳ ಬೇಡ, ಸಮಾಧಾನದಿಂದ ಹಂಚಿಕೊಳ್ಳಿ ಎಂದು ಕಾಕಾನಿಗೆ ಬುದ್ಧಿ ಹೇಳತೊಡಗಿದರು. ಕಾಕಾನಿಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಅವನು ನಮಗೆ ದೂರದ ಕಾಕಾ.

ನಿಜ ಸಂಗತಿ ತಿಳಿದ ಮೇಲೆ ಹಿರಿಯರು ಹೇಳಿದ್ದಿಷ್ಟೇ: "ಇರಲಿ, ಬಂದೇವಿ. ಚಾ ಆದರೂ ಆಗಲಿ."

ಕಟ್ಟೆ

ಚಹಾ ಮುಗಿದರೂ ಅವರು ಏಳಲಿಲ್ಲ. ಸ್ವಲ್ಪ ಬಾಜೂಕ ಸರಿಯಿರಿ ಎಂದು ಕೇಳಿದೆ. ಮಂದಿ ಇಲ್ಲದ ಮನೆಗೆ ಯಾರು ಬರುತ್ತಾರೆ ಎಂದು ನನ್ನನ್ನೇ ಗದರಿಸಿ, ತಮ್ಮ ಮನೆಗೆ ಹೋಗಿ, ಇಸ್ತ್ರಿ ಮಾಡಿದ ಧೋತರ, ಕೆಂಪು ರುಮಾಲಿನಲ್ಲಿ ಬಂದು ಕುಳಿತರು. ಸೋತು ಹಾಗೆಯೇ ತೆಗೆದೆ.

ದಸರಾ ಹತ್ತಿರ ಬಂದಾಗ ಹುಬ್ಬಳ್ಳಿಯ ಕುಟುಂಬವೊಂದು ಬಂದೇಬಿಟ್ಟಿತು. ಕಾಕುಗೆ ಹಿಗ್ಗೋ ಹಿಗ್ಗು. ಆದರೆ ಬಂದ ಹೆಂಗಸು ಕಾರಿನಿಂದಿಳಿದು ಮೊಬೈಲು ನೋಡಿದಳು, ಕಟ್ಟೆ ನೋಡಿದಳು, ಅಜ್ಜಂದಿರೆಲ್ಲಿ ಎಂದು ಕೇಳಿದಳು. ಮಕ್ಕಳು ಅವರನ್ನು ನೋಡಿಯೇ ಈ ಮನೆ ಆರಿಸಿದ್ದವಂತೆ. ಅಜ್ಜಂದಿರು ಅಂಕಲಗಿಗೆ ಲಗ್ನಕ್ಕೆ ಹೋಗಿದ್ದರು. ಫೋಟೋದಲ್ಲಿದ್ದುದು ಇಲ್ಲವೆಂದರೆ ಬೇರೆ ಕಡೆ ನೋಡುತ್ತೇವೆ ಎಂದು ಅವಳು ಕಾರಿನತ್ತ ತಿರುಗಿದಳು.

ಕಾಕು ಒಳಗಿನಿಂದ ರುಮಾಲು ತಂದು ಕಾಕಾನ ತಲೆಗೆ ಸುತ್ತಿ, ಅವನನ್ನು ಕಟ್ಟೆಯ ಮೇಲೆ ಕೂರಿಸಿದಳು. ಮಕ್ಕಳು ಓಡಿ ಬಂದು ಅಕ್ಕಪಕ್ಕ ಕುಳಿತವು. ಎಲ್ಲರೂ ಅವನ ಜೊತೆ ಫೋಟೋ ತೆಗೆಸಿಕೊಂಡರು, ಕಾರಿನಿಂದ ಚೀಲಗಳನ್ನೂ ಇಳಿಸಿದರು. ಕಾಕಾ ಮೀಸೆ ತಿರುವಿದ. ಇಂಥ ಮನೆಯನ್ನು ಯಾರೂ ಕೆಡವದಂತೆ ನೋಡಿಕೊಳ್ಳಿ ಎಂದು ಹುಬ್ಬಳ್ಳಿಯವರು ಹೇಳಿದಾಗ ಕಾಕಾನಿಗೆ ಸಿಟ್ಟೇ ಬಂತು.

"ನಾ ಇಲ್ಲಿ ಕುಂತಿರೂತನಕ ಯಾವ ಮಗಾ ಕೆಡವತಾನ ನೋಡೇಬಿಡತೇನಿ."