ಮಂಕಿ ಟೋಪಿಯಲ್ಲಿ ಮ್ಯೂಸಿಯಂ ಪ್ರವಾಸ

ನನ್ನ ಮರ್ಯಾದೆಗೆ ಸಂಚಕಾರ ಬಂದದ್ದು ಶತ್ರುಗಳಿಂದಲ್ಲ, ಹೆತ್ತ ತಾಯಿಯಿಂದ. ಅದೂ ಐದನೇ ಕ್ಲಾಸಿನ ಮಕ್ಕಳೆದುರು!

ನಾನು ಅನಂಗಮೋಹನ ಸಮಾದ್ದಾರ್, ಉತ್ತರ ಕೋಲ್ಕತ್ತದ ಶಾಲೆಯೊಂದರಲ್ಲಿ ಇತಿಹಾಸದ ಮೇಷ್ಟ್ರು. ಕ್ಲಾಸಿನಲ್ಲಿ ನಾನು ಕೆಮ್ಮಿದರೆ ಸಾಕು, ಹಿಂದಿನ ಬೆಂಚು ನೆಟ್ಟಗೆ ಕೂರುತ್ತದೆ. (ಮನೆಯಲ್ಲಿ ಕೆಮ್ಮಿದರೆ ಆಗುವುದೇ ಬೇರೆ.) ಆ ಚಳಿಗಾಲ ಕೊರೋನಾ ಕಾಟಕ್ಕೆ ಶಾಲೆಗೆ ಬೀಗ, ಮಕ್ಕಳು ಕಾದಿದ್ದ ಮ್ಯೂಸಿಯಂ ಪ್ರವಾಸಕ್ಕೆ ಎಳ್ಳುನೀರು. ಈಜಿಪ್ಟಿನ ಮಮ್ಮಿ ನೋಡಲೇಬೇಕೆಂದು ಕುಣಿಯುತ್ತಿದ್ದ ರಿಮ್‌ಝಿಮ್ ಎಂಬ ಹುಡುಗಿ ಆನ್‌ಲೈನ್ ಕ್ಲಾಸಿನಲ್ಲಿ ಮುಖವನ್ನೇ ತೋರಿಸುತ್ತಿರಲಿಲ್ಲ. ಹೆಸರು ಕೂಗಿದರೆ ಕಪ್ಪು ಚೌಕದೊಳಗಿಂದ ಸಣ್ಣಗೆ "ಪ್ರೆಸೆಂಟ್ ಸರ್" ಎನ್ನುವಳು. ನನಗೆ ಸಂಕಟವಾಗುತ್ತಿತ್ತು.

ಆಗಲೇ ತಿಳಿಯಿತು, ಪ್ರವಾಸ ತಪ್ಪಿದ ಮಕ್ಕಳಿಗೆಂದೇ ಮ್ಯೂಸಿಯಂನವರು ಚಿತ್ರ, ಫಿಲ್ಮು, ಪಾಠಗಳನ್ನೆಲ್ಲ ಇಂಟರ್‌ನೆಟ್ಟಿಗೆ ಹಾಕಿದ್ದಾರಂತೆ. ಕೇಳಿಕೊಂಡರೆ ಕೊನೆಯಲ್ಲಿ ಅಲ್ಲಿಯ ಮೇಡಂ ಒಬ್ಬರು ಬಂದು ಮಾತನ್ನೂ ಆಡುತ್ತಾರಂತೆ. ಪ್ರವಾಸ ಹೊರಟೇಬಿಟ್ಟೆ, ಕುರ್ಚಿಯಿಂದ ಏಳದೆ.

"ಎಷ್ಟು ಹೊತ್ತಿಗೆ ಲುಚಿ ಕರೀಲಿ?" ಹೆಂಡತಿ ಕಾಕೊಲಿ ಕೇಳಿದಳು. (ಲುಚಿ ಎಂದರೆ ನಮ್ಮ ಕಡೆಯ ಮೈದಾ ಪೂರಿ.)

"ಇದು ಜ್ಞಾನಯಾತ್ರೆ ಕಣೇ, ಪಿಕ್‌ನಿಕ್ ಅಲ್ಲ!"

"ಲುಚಿ, ಆಲೂದಮ್, ಬೇಯಿಸಿದ ಮೊಟ್ಟೆ ಇಲ್ದೆ ಯಾವ ಮಕ್ಳು ಮ್ಯೂಸಿಯಂ ನೋಡಿದ್ದಾರ್ರೀ? ಚಿಕ್ಕೋಳಿದ್ದಾಗ ನಾನೂ ಹೋಗಿದ್ದೆ. ಮೊಟ್ಟೆ ನೆನಪಿದೆ, ಮೂರ್ತಿ ಒಂದೂ ನೆನಪಿಲ್ಲ."

"ಅದಕ್ಕೇ ನೀನು ಹೀಗಿರೋದು."

ಅಡುಗೆಮನೆಯಲ್ಲಿ ಬಾಣಲೆ ಠಣ್ಣೆಂದಿತು. ನಾನು ಬಾಗಿಲು ಮುಂದೆ ಮಾಡಿ ಪ್ರವಾಸ ಶುರುಮಾಡಿದೆ.

ಯಕ್ಷಿಯ ಮೂರ್ತಿ ತೋರಿಸಿ, ಶಿಲ್ಪಕಲಾ ವೈಭವವನ್ನು ನಿರರ್ಗಳವಾಗಿ ಬಣ್ಣಿಸಿದೆ. ಪರದೆಯ ತುಂಬ ಕಪ್ಪು ಚೌಕಗಳು. ಒಂದು ಪ್ರಶ್ನೆಯಿಲ್ಲ, ಒಂದು ಪಿಸುಮಾತಿಲ್ಲ. ಮಕ್ಕಳು ಎದ್ದು ಹೋದರೋ ಏನೋ ಎಂದು ಗಾಬರಿಯಾಗಿ, ಅಭ್ಯಾಸಬಲದಿಂದ ಕೆಮ್ಮಿದೆ.

ಅದೇ ಮುಳುವಾಯಿತು. ಬಾಗಿಲು ದಢಾರನೆ ತೆರೆದು ಅಮ್ಮ ಒಳಗೆ ಬಂದರು, ಕೈಯಲ್ಲಿ ಉಣ್ಣೆಯ ಮಂಕಿ ಟೋಪಿ.

"ಘೊಂಟು! ಮ್ಯೂಸಿಯಂಗೆ ಯಾರಾದ್ರೂ ಬರಿತಲೇಲಿ ಹೋಗ್ತಾರೇನೋ? ಆ ಕಲ್ಲಿನ ಹಾಲ್‌ಗಳು ಎಂಥ ಥಂಡಿ!"

"ಅಮ್ಮಾ, ನಾನು ಮನೇಲೇ ಇದ್ದೀನಿ!"

"ಮನೇಲಿ ಥಂಡಿ ಇರಲ್ವಾ?" ಎಂದು ಟೋಪಿಯನ್ನು ಗದ್ದದವರೆಗೆ ಎಳೆದೇಬಿಟ್ಟರು.

(ನಮ್ಮ ಬಂಗಾಳಿಗಳಿಗೆ ಮನೆಗೊಂದು ಹೆಸರು, ಊರಿಗೊಂದು ಹೆಸರು. ಘೊಂಟು ನನ್ನ ಮನೆಯ ಹೆಸರು. ಮನೆಯ ಹೆಸರು ಹೊಸಿಲು ದಾಟಿದರೆ ಗಂಡಸಿನ ಮಾನ ಹೋದಂತೆಯೇ.)

ಬೆನ್ನಿಗೇ ಕಾಕೊಲಿ ತಟ್ಟೆ ಹಿಡಿದು ಬಂದಳು. "ಜ್ಞಾನ ಮುಗೀತಾ? ಆರೋಕ್ಮುಂಚೆ ತಿನ್ನಿ."

ಒಂದು ಕಪ್ಪು ಚೌಕ ಫಕ್ಕನೆ ಬೆಳಗಿತು. ರಿಮ್‌ಝಿಮ್! ಎರಡು ಜಡೆ, ಬಾಯ್ತುಂಬ ನಗು. "ಸರ್, ನಾವೂ ಟಿಫಿನ್ ತಿನ್ನಬಹುದಾ? ನಮ್ಮಮ್ಮನೂ ಲುಚಿ ಮಾಡಿದ್ದಾರೆ!"

ಒಂದೊಂದಾಗಿ ಚೌಕಗಳೆಲ್ಲ ಬೆಳಗಿದವು. ಎಲ್ಲರ ಕೈಯಲ್ಲೂ ಡಬ್ಬಿ, ಮೊಟ್ಟೆ, ಕಿತ್ತಳೆ. ಅರ್ಧ ಕ್ಲಾಸು ಆಗಲೇ ಮಂಕಿ ಟೋಪಿಯಲ್ಲಿತ್ತು. ಲುಚಿ ಮೆಲ್ಲುತ್ತ ಎಲ್ಲರೂ ಮಮ್ಮಿಯ ಫಿಲ್ಮು ನೋಡಿದೆವು. ಈಗ ಪ್ರಶ್ನೆಗಳ ಸುರಿಮಳೆ.

"ಸರ್, ಅವನಿಗೂ ಥಂಡಿ ಆಗ್ಬಾರ್ದು ಅಂತ ಅವರಮ್ಮ ಬಟ್ಟೆ ಸುತ್ತಿದ್ರಾ?" ಎಂದಳು ರಿಮ್‌ಝಿಮ್.

ನನ್ನ ಕಣ್ಣು ತುಂಬಿಬಂತು. ಟೋಪಿ ಬಿಗಿಯಾಗಿದ್ದಕ್ಕೆ ಇರಬೇಕು ಎಂದುಕೊಂಡೆ.

ಕೊನೆಯಲ್ಲಿ ಮ್ಯೂಸಿಯಂ ಮೇಡಂ ಬಂದರು. ಪಾಪ, ಅವರಿಗೆ ನಡೆದದ್ದೇನೂ ಗೊತ್ತಿಲ್ಲ.

"ಮಕ್ಕಳೇ, ಯಾವುದನ್ನ ಇನ್ನೊಂದ್ಸಲ ನೋಡಬೇಕು ಅನ್ಸತ್ತೆ?"

"ಘೊಂಟು!" ಇಡೀ ಕ್ಲಾಸು ಕೂಗಿತು.

ಮೇಡಂ ಕನ್ನಡಕ ಸರಿಮಾಡಿಕೊಂಡರು. "ಅಂಥದ್ದು ನಮ್ಮ ಸಂಗ್ರಹದಲ್ಲಿ ಇಲ್ವಲ್ಲ... ಯಾವ ಕಾಲದ್ದು?"

ನಾನು ಬಾಯಿ ತೆರೆಯುವುದರೊಳಗೆ ಅಮ್ಮ ನನ್ನ ಭುಜದ ಮೇಲಿಂದ ಬಗ್ಗಿದರು.

"ದೊಡ್ಡ ನೆರೆ ಬಂದ ವರ್ಷದ್ದಮ್ಮ. ನೋಡೋಕೆ ಗಟ್ಟಿ, ಆದ್ರೆ ಗಾಳಿ ತಾಗಿದ್ರೆ ಕೆಟ್ಟುಹೋಗತ್ತೆ. ಅದಕ್ಕೇ ಸುತ್ತಿಟ್ಟಿದ್ದೀನಿ."