ಗಡಗಡ ನುಂಗುವ ಡಬ್ಬಿ

"ಇನ್ನು ಈ ಕಾರಿನಿಂದ ಗಡಗಡ ಅನ್ನೋ ಸದ್ದು ಬಂದರೆ ನನ್ನ ಮೀಸೆ ಬೋಳಿಸ್ಕೋತೀನಿ!" ಎಂದು ಚಂದ್ರಮೌಳಿಯವರು ತುಮಕೂರಿನ ತಮ್ಮ ಮನೆಯ ಮುಂದೆ ನಿಂತು ಸಾರಿದರು.

ಹೆಂಡತಿ ಸರ್ವಮಂಗಳಾ ಅಡುಗೆಮನೆಯ ಕಡೆ ತಿರುಗಿ ನೋಡಿದಳು. ಗಂಡನ ಹಿಂದಿನ ಯಂತ್ರ ಮಗುಚಿ ಹಾಕಿದ ದೋಸೆ ಇನ್ನೂ ಅಲ್ಲಿನ ಚಾವಣಿಗೆ ಅಂಟಿಕೊಂಡಿತ್ತು! ಈಗ ಕಾರಿನ ಹಿಂಭಾಗಕ್ಕೆ ಎರಡು ದೊಡ್ಡ ಸ್ಪೀಕರ್ ಕೂರಿಸಿದ್ದರು. ಹಾಡು ಹಾಕಿದರೆ ಸಾಕು, ಸ್ಪೀಕರಿನ ಹಲಗೆ, ಡಿಕ್ಕಿಯ ಬಾಗಿಲು, ನಂಬರ್ ಪ್ಲೇಟು ಎಲ್ಲ ಸೇರಿ ಕುಣಿಯುತ್ತಿದ್ದವು.

"ಹಲಗೆ ಕೆಳಗೆ ಎರಡು ತುಂಡು ರಬ್ಬರ್ ಇಟ್ಟು ಸ್ಕ್ರೂ ಬಿಗಿ ಮಾಡಿದ್ರೆ ಆಗ್ತಿರಲಿಲ್ವೇನ್ರೀ?"

"ರಬ್ಬರ್ ಯಾರು ಬೇಕಾದ್ರೂ ಇಡ್ತಾರೆ ಕಣೇ! ಇದು ನಡುಕಾನೇ ನುಂಗೋ ಡಬ್ಬಿ!"

ಸ್ಪೀಕರುಗಳ ನಡುವೆ ಕೂತಿದ್ದ ಡಬ್ಬಿಯ ಗುಂಡಿ ಒತ್ತಿದರು. ಗಡಗಡ ನಿಂತೇಹೋಯಿತು! ಹಾಡು ಮಾತ್ರ ಇಂಪಾಗಿ ಬರುತ್ತಿತ್ತು. ಸರ್ವಮಂಗಳಾಗೂ ಹಿಗ್ಗೋ ಹಿಗ್ಗು. ಹೊಸ ಯಂತ್ರಕ್ಕೆ ಪೂಜೆ ಆಗದಿದ್ದರೆ ಹೇಗೆ? ಕುಂಕುಮ ಇಟ್ಟು, ಒತ್ತಿದ ಗುಂಡಿಯ ಮೇಲೆಯೇ ಅರಿಸಿನದ ದಾರ ಬಿಗಿದಳು.

"ಹೋದ ಕೆಲಸ ಆಗೋವರೆಗೂ ಇದನ್ನ ಯಾರೂ ಬಿಚ್ಚಬಾರದು!"

ಕೆಲಸ ಎಂದರೆ ಅವಳ ತಮ್ಮ ಮೃತ್ಯುಂಜಯನಿಗೆ ಗುಬ್ಬಿಯಲ್ಲಿ ಹೆಣ್ಣು ನೋಡುವುದು. ಎಷ್ಟೋ ಮನೆಗಳಲ್ಲಿ ಉಪ್ಪಿಟ್ಟು ತಿಂದು ಸಪ್ಪೆ ಮೋರೆ ಹಾಕಿಕೊಂಡು ಬಂದಿದ್ದ ಪಾಪದವನು. ಇದೂ ತಪ್ಪಿದರೆ ಮದುವೆಯ ಮಾತೇ ಬೇಡ ಎಂದುಬಿಟ್ಟಿದ್ದ.

ದಾರಿಯಲ್ಲಿ ಡಬ್ಬಿಗೆ ಹಸಿವು ಹೆಚ್ಚಿತು. ಮೊದಲು ಎಂಜಿನ್ನಿನ ಸದ್ದು ಹೋಯಿತು, ಆಮೇಲೆ ಹಾರನ್ನು! ರಸ್ತೆಗೆ ಅಡ್ಡ ನಿಂತ ಎಮ್ಮೆ ಮೆಲುಕು ಹಾಕುತ್ತಲೇ ಇತ್ತು. "ಇಳಿದು ಓಡಿಸ್ರೀ!" ಎಂದು ಸರ್ವಮಂಗಳಾ ಕಿರುಚಿದಳು. ಆ ಕಿರುಚಾಟವೂ ಡಬ್ಬಿಯ ಪಾಲಾಯಿತು! ಚಂದ್ರಮೌಳಿಯವರ ಮುಖದಲ್ಲಿ ಎಂದೂ ಕಾಣದ ನೆಮ್ಮದಿ. ಗಾಬರಿಯಾಗಿ ಗುಂಡಿಯತ್ತ ಕೈ ಚಾಚಿದ ಮೃತ್ಯುಂಜಯನಿಗೆ ಅಕ್ಕ ಫಟ್ಟನೆ ಒಂದು ಕೊಟ್ಟಳು. ದಾರ ಬಿಚ್ಚುವುದುಂಟೇ?

ಗುಬ್ಬಿಯಲ್ಲಿ ಕಾರು ನಡುಮನೆಯ ಕಿಟಕಿಯ ಪಕ್ಕದಲ್ಲೇ ನಿಂತಿತು. ಉಪ್ಪಿಟ್ಟಿನ ಜೊತೆ ಚಂದ್ರಮೌಳಿಯವರ ಡಬ್ಬಿಪುರಾಣವೂ ಆಯಿತು.

"ಒಂದು ಹಾಡು ಹೇಳಮ್ಮ," ಎಂದಳು ಸರ್ವಮಂಗಳಾ.

ಹುಡುಗಿ ಸುಗುಣ ಬಾಯಿ ತೆರೆದಳು. ಸದ್ದೇ ಇಲ್ಲ! ಅಷ್ಟು ಹೊತ್ತಿಗೆ ಡಬ್ಬಿಯ ಬಾಯಿ ನಡುಮನೆಗೂ ಚಾಚಿತ್ತು. ಅವಳಪ್ಪ ಏನೋ ಕೇಳಿದರು, ಅದೂ ಕೇಳಿಸಲಿಲ್ಲ. ಸುಗುಣ ತಾಯಿಯ ಕಿವಿಯ ಬಳಿ ಬಾಗಿ ಏನೋ ಹೇಳಿದಳು, ತಾಯಿ ಹುಬ್ಬು ಗಂಟಿಕ್ಕಿದರು. ಮೃತ್ಯುಂಜಯ ತಲೆ ತಗ್ಗಿಸಿದ.

ಸರ್ವಮಂಗಳಾ ದಡಕ್ಕನೆ ಎದ್ದಳು. ತಾನೇ ಕಟ್ಟಿದ ದಾರ ತಮ್ಮನ ಮದುವೆಗೇ ಅಡ್ಡ ಬಂತಲ್ಲ! ಹೊರಗೆ ಓಡಿ, ಗಂಟು ಬಿಚ್ಚಲು ಆಗದೆ ದಾರವನ್ನು ಹಲ್ಲಿನಲ್ಲೇ ಕಚ್ಚಿ ಹರಿದಳು.

ಗುಂಡಿ ಮೇಲೆದ್ದಿತು. ನುಂಗಿದ್ದೆಲ್ಲ ಸ್ಪೀಕರಿನಿಂದ ಸಾಲಾಗಿ ಹೊರಬಿತ್ತು! ಮೊದಲು ಗಡಗಡ, ಆಮೇಲೆ ಹಾರನ್ನು, "ಇಳಿದು ಓಡಿಸ್ರೀ!" ಎಂಬ ಅಬ್ಬರ. ಬೀದಿಯವರೆಲ್ಲ ಓಡಿ ಬಂದರು. ಅಷ್ಟರಲ್ಲಿ ಸುಗುಣಳ ಹಾಡು ಬಂತು. ಎಂಥ ಕಂಠ! ಮೃತ್ಯುಂಜಯ ಕಣ್ಣು ಮಿಟುಕಿಸದೆ ಕೇಳಿದ.

ಕೊನೆಗೆ ಅವಳ ಪಿಸುಮಾತು ಇಡೀ ಬೀದಿಗೇ ಮೊಳಗಿತು. "ಅಮ್ಮಾ, ಹುಡುಗ ನಂಗೆ ಒಪ್ಪಿಗೆ! ಆ ಕಾರು ಮಾತ್ರ ಮದುವೆಗೆ ಬರೋದು ಬೇಡ!"

ಸುಗುಣ ಒಳಗೆ ಓಡಿದಳು. ಸರ್ವಮಂಗಳಾ ಕಾರಿಗೇ ದೃಷ್ಟಿ ತೆಗೆದಳು.

ಮದುವೆಗೆ ಎಲ್ಲರೂ ಬಸ್ಸಿನಲ್ಲೇ ಹೋದರು. ಫೋಟೋಗಳು ಚೆನ್ನಾಗಿ ಬಂದಿವೆ. ಚಂದ್ರಮೌಳಿಯವರಿಗೆ ಮಾತ್ರ ಮೀಸೆ ಇಲ್ಲ.